ನಿಪ್ಪಲ್ ಮುಚ್ಚಿದ ಮೇಲೆ ಕಾಲು ಎತ್ತಿ

ಪ್ರಶ್ನೆ: ಮೂರು ಸಲ ಬ್ರೇಕಿನ ಗಾಳಿ ತೆಗೆಸಿದರೂ ಕಾರಿನ ಪೆಡಲ್ ಮೆತ್ತಗೇ ಇದೆ. ಮುಂದಿನ ವಾರ ಚೋರ್ಲಾ ಘಾಟ್ ಇಳಿದು ಗೋವೆಗೆ ಹೋಗಬೇಕು. ಸರಿಯಾದ ವಿಧಾನ ಯಾವುದು? (ಬೆಳಗಾವಿಯ ಓದುಗರು)

ಪೆಡಲ್ ಗಟ್ಟಿಯಾಗುವವರೆಗೆ ಘಾಟ್ ಇಳಿಯಬೇಡಿ. ಉಳಿದ ಮಾತು ಆಮೇಲೆ.

ಈ ದೂರು ನನಗೆ ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನ ಸಲ ತಪ್ಪು ಒಂದೇ: ನಿಪ್ಪಲ್ (ಚಕ್ರದ ಬ್ರೇಕಿನಲ್ಲಿ ಗಾಳಿ ಹೊರಬಿಡುವ ತಿರುಪು) ತೆರೆದಿರುವಾಗಲೇ ಒಳಗೆ ಕುಳಿತವನು ಕಾಲು ಎತ್ತುತ್ತಾನೆ, ಹೊರಗೆ ಹೋದ ಗಾಳಿ ಒಳಗೆ ಬರುತ್ತದೆ. ಈ ಕೆಲಸಕ್ಕೆ ಇಬ್ಬರು ಬೇಕು, ಅವರ ನಡುವೆ ಮಾತು ಬೇಕು. ಒಳಗಿನವನು ಪೆಡಲ್ ಒತ್ತಿ ಹಿಡಿದು ‘ಒತ್ತಿದೆ’ ಎನ್ನಬೇಕು. ಹೊರಗಿನವನು ರಿಂಗ್ ಪಾನಾದಿಂದ ನಿಪ್ಪಲನ್ನು ಕಾಲು ಸುತ್ತು ಬಿಚ್ಚಿ, ಮತ್ತೆ ಬಿಗಿದು, ‘ಬಿಡು’ ಎಂದ ಮೇಲೆಯೇ ಕಾಲು ಮೇಲೆ ಬರಬೇಕು. ನಿಪ್ಪಲ್‌ಗೆ ಪಾರದರ್ಶಕ ಕೊಳವೆ ಹಾಕಿ, ಅದರ ತುದಿ ಬಾಟಲಿಯ ಹೊಸ ಬ್ರೇಕ್ ಆಯಿಲ್‌ನಲ್ಲಿ ಮುಳುಗಿರಲಿ. ಗುಳ್ಳೆ ನಿಂತಿತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ನಾಲ್ಕೈದು ಸಲ ಒತ್ತಿದ ಮೇಲೆ ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿ ನೋಡಿ ಆಯಿಲ್ ತುಂಬಿಸಿ. ಡಬ್ಬಿ ಖಾಲಿಯಾದರೆ ಕೆಲಸ ಮೊದಲಿನಿಂದ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಗಾಳಿ ಅದರ ಘಟಕದೊಳಗೆ ಸಿಕ್ಕಿಕೊಂಡರೆ ಸ್ಕ್ಯಾನರ್ ಇರುವ ಗ್ಯಾರೇಜೇ ಗತಿಯಾಗಬಹುದು. ನಿಮ್ಮಲ್ಲಿ ಹೀಗೇ ಆಗಿರಬಹುದು, ವಿಚಾರಿಸಿ.

ಹಳೆಯ ಕಾರಾದರೆ ಪೆಡಲ್ ಕೆಳಗೆ ಮರದ ತುಂಡು ಇಡಿ. ತಳದವರೆಗೆ ಒತ್ತಿದರೆ, ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲು ಎಂದೂ ಮುಟ್ಟದ ತುಕ್ಕಿನ ಜಾಗಕ್ಕೆ ಉಜ್ಜಿ ಹರಿಯುತ್ತದೆ. ಹೀಗೆ ಕೆಟ್ಟ ಸಿಲಿಂಡರುಗಳನ್ನು ಸಾಕಷ್ಟು ಕಂಡಿದ್ದೇನೆ.

ಯಾವ ಚಕ್ರ ಮೊದಲು? ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಹಿಂದಿನ ಎಡ ಚಕ್ರದಿಂದ ಆರಂಭ. ಆದರೆ ಎಲ್ಲ ಕಾರುಗಳಿಗೂ ಇದೇ ಕ್ರಮವಲ್ಲ, ಕಂಪನಿಯ ಪುಸ್ತಕ ಹೇಳಿದ್ದೇ ಅಂತಿಮ.

ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಇಳಿಯುತ್ತಿದ್ದರೆ ಅದು ಗಾಳಿಯಲ್ಲ, ಸೋರಿಕೆ ಅಥವಾ ಸವೆದ ಸೀಲು. ನಾಲ್ಕನೆಯ ಸಲ ಗಾಳಿ ತೆಗೆಯಲು ದುಡ್ಡು ಕೊಡಬೇಡಿ.

ಪ್ರಶ್ನೆ: ಹೊರಬಂದ ಆಯಿಲ್ ಸೋಸಿ ಮತ್ತೆ ಹಾಕಬಹುದೇ? (ಬಾಗಲಕೋಟೆ)

ಬೇಡ. ಸೋಸಿದರೆ ಕಸ ಹೋಗುತ್ತದೆ, ಆಯಿಲ್ ಗಾಳಿಯಿಂದ ಹೀರಿದ ನೀರು ಹೋಗುವುದಿಲ್ಲ.

ಪ್ರಶ್ನೆ: ನಮ್ಮದು ಒಣ ಹವೆ. ಆಯಿಲ್ ಬದಲಿಸಲೇಬೇಕೇ? (ವಿಜಯಪುರ)

ಎರಡು ವರ್ಷಕ್ಕೊಮ್ಮೆ ಬದಲಿಸಿ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ.

ಪ್ರಶ್ನೆ: ಬ್ರೇಕ್ ಆಯಿಲ್ ಸಿಗದಾಗ ಸ್ವಲ್ಪ ಎಂಜಿನ್ ಆಯಿಲ್ ಸಾಕು ಎಂದು ಮಿಸ್ತ್ರಿ ಹೇಳುತ್ತಾರೆ. (ವಿಜಯಪುರ)

ಅವರ ಬಳಿಗೆ ಮತ್ತೆ ಹೋಗಬೇಡಿ. ಎಂಜಿನ್ ಆಯಿಲ್ ತಗುಲಿದ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಈಗಾಗಲೇ ಹಾಕಿಸಿದ್ದರೆ ಪೆಡಲ್ ಒತ್ತದೆ, ಕಾರನ್ನು ಓಡಿಸದೆ, ಟೋ ಮಾಡಿಸಿ ಗ್ಯಾರೇಜಿಗೆ ಒಯ್ಯಿರಿ.