ಪ್ಯಾರಾಚೂಟ್ ಜಿಗಿತದ ಅಭ್ಯಾಸದಲ್ಲಿ ಬಲ ಮೊಣಕಾಲು ಮಾತ್ರ ನೋಯುವುದೇಕೆ?

ಸೇನೆಯ ಜಿಗಿತದ ತರಬೇತಿಯಿಂದ ರಜೆಯ ಮೇಲೆ ಊರಿಗೆ ಬಂದಿರುವ ನೀವು ಹೀಗೆ ಕೇಳಿದ್ದೀರಿ. ಇಳಿಯುವಾಗ ನಿಮ್ಮ ಬಲಗಾಲು ಮೊದಲು ನೆಲ ಮುಟ್ಟಿ, ಮೈಭಾರವೆಲ್ಲ ಅದರ ಮೇಲೆ ಬೀಳುತ್ತಿರಬಹುದು. ಇದಕ್ಕೆ ಮೂಲ ಕಣ್ಣು: ನೆಲವನ್ನೇ ದಿಟ್ಟಿಸಿದರೆ ಒಂದು ಕಾಲು ತಾನಾಗಿ ಕೆಳಕ್ಕೆ ಚಾಚುತ್ತದೆ. ಆಗ್ರಾದ ಪ್ಯಾರಾಚೂಟ್ ತರಬೇತಿಯಲ್ಲಿ ನನಗೂ ಹೀಗೆಯೇ ಆಗಿತ್ತು. ನಾನು ಯುದ್ಧ ಕಾಣದ, ಶಾಂತಿಕಾಲದ ಸೈನಿಕ. ಆದರೂ ಇಂಥ ತಪ್ಪಿನಿಂದ ಜೊತೆಗಾರರ ಕಾಲು ಮುರಿದದ್ದನ್ನು ಕಂಡಿದ್ದೇನೆ.

ನೋವು ಇಳಿಯುವವರೆಗೆ ಎತ್ತರದಿಂದ ಹಾರಬೇಡಿ. ರಜೆಯಲ್ಲಿ ಗೋಕಾಕದಲ್ಲಿದ್ದೀರಲ್ಲ, ಗರಡಿಯ ಹದವಾದ ಮಣ್ಣಿನಲ್ಲಿ ನಿಂತಲ್ಲಿಂದಲೇ ಉರುಳುವುದನ್ನು ಕಲಿಯಿರಿ. ಮೊಣಕಾಲುಗಳ ನಡುವೆ ಮಡಿಸಿದ ಕರವಸ್ತ್ರ ಹಿಡಿಯಿರಿ. ಅದು ಜಾರಿದರೆ ಕಾಲುಗಳು ಅಗಲಿದವೆಂದೇ ಅರ್ಥ. ಮೊಣಕಾಲು ತುಸು ಬಾಗಿರಲಿ, ಗದ್ದ ಎದೆಗೆ ಒತ್ತಿರಲಿ, ನೋಟ ಮುಂದಕ್ಕಿರಲಿ. ಪಾದದ ಮುಂಭಾಗ, ಮೀನಖಂಡದ ಹೊರಬದಿ, ತೊಡೆ, ಪೃಷ್ಠ, ಬೆನ್ನಿನ ಪಕ್ಕ, ಈ ಕ್ರಮದಲ್ಲಿಯೇ ನೆಲಕ್ಕೆ ತಾಗಬೇಕು. ಕೈ ಊರಲೇಬೇಡಿ, ಮಣಿಕಟ್ಟು ಮುರಿಯಬಹುದು. ನೋವು ಇಳಿದು, ಕರವಸ್ತ್ರ ಜಾರದಂತಾದ ಮೇಲೆ ಎರಡು ಅಡಿ ಎತ್ತರದ ಕಟ್ಟೆಯಿಂದ ಆರಂಭಿಸಿ.

ಬಾವು ಇದ್ದರೆ, ಅಥವಾ ಮೆಟ್ಟಿಲು ಇಳಿಯುವಾಗ ಮೊಣಕಾಲು ಕುಸಿದಂತಾದರೆ, ಒಳಗಿನ ಅಸ್ಥಿರಜ್ಜುವಿಗೆ, ಅಂದರೆ ಮೂಳೆಗಳನ್ನು ಬಿಗಿದಿಡುವ ನಾರಿಗೆ, ಪೆಟ್ಟಾಗಿರಬಹುದು. ಅದನ್ನು ಇಲ್ಲಿಂದ ನಾನು ನಿರ್ಧರಿಸಲಾರೆ. ಆಗ ಅಭ್ಯಾಸವನ್ನು ಪೂರ್ತಿ ನಿಲ್ಲಿಸಿ, ಬೆಳಗಾವಿಯ ಸೇನಾ ಆಸ್ಪತ್ರೆಯಲ್ಲಿ ತೋರಿಸಿ. ಮರಳಿದ ದಿನವೇ ತರಬೇತುದಾರರಿಗೂ ತಿಳಿಸಿ, ದಯವಿಟ್ಟು ಮುಚ್ಚಿಡಬೇಡಿ.