ಪಕ್ಕದ ಮನೆಗೆ ವೈಫೈ ಪಾಸ್‌ವರ್ಡ್ ಕೊಟ್ಬಿಟ್ಟಿದೀನಿ, ಈಗೇನ್ಮಾಡ್ಲಿ?

ಪ್ರಶ್ನೆ: ನಮಸ್ಕಾರ ಸರ್, ನಾವು ದಾವಣಗೆರೇಲಿ ಇರೋದು, ನಾಲ್ಕು ತಿಂಗಳ ಹಿಂದೆ ಫೈಬರ್ ಹಾಕಿಸ್ಕೊಂಡ್ವಿ. ಹಾಕೋಕೆ ಬಂದ ಹುಡುಗ ನಮ್ಮನೆಯವ್ರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋದ. ಪಕ್ಕದ ಮನೆ ಹುಡುಗ ಪರೀಕ್ಷೆ ಇದೆ ಆಂಟಿ, ಒಂದಿನ ಸಾಕು ಅಂದ, ಕೊಟ್ಟೆ. ಈಗ ಅವ್ರ ಟಿವಿನೂ ನಮ್ಮ ವೈಫೈಲೇ ಓಡ್ತಿದೆ ಅನ್ಸತ್ತೆ, ಸಂಜೆಯಾದ್ರೆ ನಮ್ಮನೇಲಿ ವೀಡಿಯೊ ಬರೀ ಸುತ್ತುತ್ತಾ ಇರತ್ತೆ. ಕೇಳೋಕೆ ದಾಕ್ಷಿಣ್ಯ, ದಿನಾ ಮುಖ ನೋಡ್ಬೇಕಲ್ಲ.

ಉತ್ತರ: ಮೇಡಂ, ಜಗಳ ಬೇಡ, ಪಾಸ್‌ವರ್ಡ್ ಬದಲಾಯ್ಸಿ. ಯಾಕೆ ಅಂತ ಕೇಳಿದ್ರೆ ತಪ್ಪು ನನ್ನ ಮೇಲೆ ಹಾಕಿ, ಮ್ಯಾಗಜೀನ್‌ನಲ್ಲಿ ಬಂದಿತ್ತು ಅದಕ್ಕೇ ಅನ್ನಿ.

ಮೊಬೈಲ್ ನಂಬರ್ ಪಾಸ್‌ವರ್ಡ್ ಅಂದ್ರೆ ಹಾಲಿನವ್ರಿಂದ ಗ್ಯಾಸ್‌ನವ್ರ ತನಕ ಎಲ್ರಿಗೂ ಗೊತ್ತಿದ್ದಂಗೆ. 8ರಿಂದ 63 ಅಕ್ಷರದ ತನಕ ಇಡ್ಬಹುದು, ಜಿಪುಣತನ ಮಾಡ್ಬೇಡಿ, ಒಂದಕ್ಕೊಂದು ಸಂಬಂಧ ಇಲ್ದಿರೋ ನಾಲ್ಕೈದು ಕನ್ನಡ ಪದಾನ ಇಂಗ್ಲಿಷ್ ಅಕ್ಷರದಲ್ಲಿ ಜೋಡ್ಸಿ, ಹುಣಸೆ ಕೊಡೆ ತಗಡು ಮಂಗಳವಾರ ಥರ (ಇದನ್ನೇ ಇಟ್ಕೊಂಡೀರ ಮತ್ತೆ, ಅಚ್ಚಾಗಿ ಊರೆಲ್ಲಾ ಓದಿರತ್ತೆ).

ಬದಲಾಯ್ಸೋದು ಹೆಂಗೆ ಅಂದ್ರೆ, ವೈಫೈಗೆ ಸೇರಿರೋ ಫೋನಲ್ಲೇ ಬ್ರೌಸರ್ ತೆಗ್ದು ರೌಟರ್ ತಳದ ಸ್ಟಿಕ್ಕರ್ ಮೇಲಿರೋ ವಿಳಾಸ ಹಾಕಿ, ಸಾಮಾನ್ಯವಾಗಿ 192.168.1.1 ಇಲ್ಲಾ 192.168.0.1 ಇರತ್ತೆ. ಅಲ್ಲಿ ಲಾಗಿನ್ ಕೇಳತ್ತಲ್ಲ, ಅದು ಬೇರೆ ಪಾಸ್‌ವರ್ಡ್, ವೈಫೈದಲ್ಲ, ರೌಟರ್‌ದು, ತುಂಬಾ ಜನ ಇಂಥದ್ದೊಂದಿದೆ ಅಂತಲೇ ಗೊತ್ತಿಲ್ದೆ ಅಡ್ಮಿನ್-ಅಡ್ಮಿನ್ ಅಂತಲೇ ವರ್ಷಗಟ್ಲೆ ಬಿಟ್ಟಿರ್ತಾರೆ. 2016ರಲ್ಲಿ ಮಿರಾಯ್ ಅನ್ನೋ ಕಳ್ಳ ಪ್ರೋಗ್ರಾಂ ಕಂಪನಿಯಿಂದ ಬಂದಂಗೇ ಬಿಟ್ಟಿರೋ ಅರವತ್ತು ಚಿಲ್ರೆ ಯೂಸರ್‌ನೇಮ್-ಪಾಸ್‌ವರ್ಡ್‌ಗಳ ಪಟ್ಟಿ ಹಿಡ್ಕೊಂಡೇ ಲಕ್ಷಗಟ್ಲೆ ಕ್ಯಾಮೆರಾ, ರೌಟರ್ ಒಳಗೆ ನುಗ್ಗಿತ್ತು. ಈ ರೌಟರ್ ಪಾಸ್‌ವರ್ಡನ್ನೂ ಬದಲಾಯ್ಸಿ, ಬರ್ದು ಬೀರೂಲಿಟ್ಕೊಳ್ಳಿ, ನನಗಂತೂ ಚೀಟಿ ಬರೆಯೋದು ತಪ್ಪು ಅನ್ಸಲ್ಲ, ಕಳ್ಳ ನಿಮ್ಮ ಬೀರೂಗೆ ಬಂದ್ಮೇಲೆ ವೈಫೈ ಯಾರಿಗೆ ಬೇಕು.

ಒಳಗೆ ಹೋದಾಗ ಸೆಕ್ಯೂರಿಟಿ (ಅಂದ್ರೆ ವೈಫೈಗೆ ಹಾಕೋ ಬೀಗದ ಥರ) ಡಬ್ಲ್ಯೂಪಿಎ2 ಇಲ್ಲಾ ಡಬ್ಲ್ಯೂಪಿಎ3 ಇದ್ಯಾ ನೋಡಿ. ಡಬ್ಲ್ಯೂಪಿಎಸ್ ಅಂತ ಒಂದಿರತ್ತೆ, ಪಾಸ್‌ವರ್ಡ್ ಬದ್ಲು ಬಟನ್ ಒತ್ತಿ ಇಲ್ಲಾ ಪಿನ್ ಹಾಕಿ ವೈಫೈಗೆ ಸೇರ್ಕೊಳ್ಳೋ ದಾರಿ, ಅದನ್ನ ಆಫ್ ಮಾಡಿ. ಅದರ ಪಿನ್ 8 ಅಂಕಿ, ಹತ್ತು ಕೋಟಿ ಸಲ ಟ್ರೈ ಮಾಡ್ಬೇಕೇನೋ ಅನ್ಸತ್ತೆ, ಆದ್ರೆ ರೌಟರ್ ಅದನ್ನ ಎರಡು ತುಂಡು ಮಾಡಿ, ಮೊದಲ ನಾಲ್ಕು ಸರಿನಾ ತಪ್ಪಾ ಅಂತ ಮೊದ್ಲೇ ಹೇಳ್ಬಿಡತ್ತೆ, ಕೊನೇ ಅಂಕಿ ಬರೀ ಲೆಕ್ಕ ತಾಳೆ ನೋಡೋಕೆ, ಹಂಗಾಗಿ 10,000 ಮತ್ತೆ 1,000 ಸೇರಿ 11,000 ಸಲ ಸಾಕು. 2011ರಲ್ಲೇ ಇದು ಬಯಲಾಯ್ತು.

ಇನ್ನು ದಾಕ್ಷಿಣ್ಯದ ವಿಷ್ಯ. ಗೆಸ್ಟ್ ನೆಟ್‌ವರ್ಕ್ ಅಂತ ಇರತ್ತೆ, ಆನ್ ಮಾಡಿ ಬೇರೆ ಪಾಸ್‌ವರ್ಡ್ ಇಡಿ. ನೆಂಟ್ರು, ಪಕ್ಕದ ಮನೆ, ಯಾರು ಕೇಳಿದ್ರೂ ಅದನ್ನೇ ಕೊಡಿ, ಅವ್ರಿಗೆ ಇಂಟರ್ನೆಟ್ ಸಿಗತ್ತೆ, ನಿಮ್ಮ ಟಿವಿ, ಪ್ರಿಂಟರ್, ಕ್ಯಾಮೆರಾ ಕೈಗೆ ಸಿಗಲ್ಲ. ಕೆಲವು ರೌಟರ್‌ಲಿ ಗೆಸ್ಟ್‌ಗೆ ಸ್ಪೀಡ್ ಕಮ್ಮಿ ಮಾಡ್ಬಹುದು, ಸಂಜೆ ಆಫ್‌ ಮಾಡ್ಬಹುದು. ಆದ್ರೂ ಕನೆಕ್ಷನ್ ನಿಮ್ಮ ಹೆಸರಲ್ಲೇ ಇರೋದು ಅನ್ನೋದು ನೆನಪಿರ್ಲಿ, ನಂಬಿಕೆ ಇಲ್ದವ್ರಿಗೆ ಅದನ್ನೂ ಕೊಡ್ಬೇಡಿ. 2008ರಲ್ಲಿ ಅಹಮದಾಬಾದ್ ಬಾಂಬ್ ಸ್ಫೋಟದ ಬೆದರಿಕೆ ಇಮೇಲ್ ಹೋಗಿದ್ದು ನವಿ ಮುಂಬೈನಲ್ಲಿದ್ದ ಅಮೆರಿಕದವ್ರೊಬ್ಬರ ಮನೆ ವೈಫೈನಿಂದ, ಅವ್ರ ಕೈವಾಡ ಇರ್ಲಿಲ್ಲ, ಆದ್ರೂ ಪೊಲೀಸರು ಬಂದಿದ್ದು ಅವ್ರ ಬಾಗಿಲಿಗೇ.

ಹಾಂ, ಅದಕ್ಕೂ ಮೊದ್ಲು ರೌಟರ್‌ಲಿ ಕನೆಕ್ಟೆಡ್ ಡಿವೈಸ್ ಪಟ್ಟಿ ನೋಡಿ, ಪಕ್ಕದ ಮನೆಯವ್ರನ್ನ ಸುಮ್ನೆ ಅನುಮಾನ ಪಡ್ಬಾರ್ದು. ಈಗಿನ ಫೋನುಗಳು ತಮ್ಮ ಗುರುತನ್ನೇ ಬದಲಾಯ್ಸಿ ತೋರಿಸ್ತವೆ, ನಿಮ್ಮ ಫೋನೇ ಗೊತ್ತಿಲ್ದ ಹೆಸರಲ್ಲಿ ಕೂತಿರ್ಬಹುದು, ಮನೇಲಿರೋದನ್ನೆಲ್ಲ ಒಂದೊಂದಾಗಿ ಆಫ್ ಮಾಡಿ ಎಣಿಸಿ.

ಪ್ರಶ್ನೆ: ಮಹಡಿ ರೂಮಿಗೆ ಸಿಗ್ನಲ್ಲೇ ಬರಲ್ಲ. ರೌಟರ್ ಕೆಳಗೆ ಹಾಲ್‌ನಲ್ಲಿ, ಟಿವಿ ಕಪಾಟಿನ ಒಳಗಿದೆ.

ಉತ್ತರ: ಕಪಾಟಿಂದ ಈಚೆ ತೆಗೀರಿ ಮೊದ್ಲು! ಮೆಟ್ಟಿಲ ಹತ್ರ, ತಲೆಗಿಂತ ಎತ್ತರದಲ್ಲಿಡಿ, ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ಡ್ರಮ್ ಪಕ್ಕ ಬೇಡ. ಈಗಿನ ರೌಟರ್‌ಗಳು ಸಾಮಾನ್ಯವಾಗಿ ಎರಡು ಥರದ ಅಲೆಲಿ ವೈಫೈ ಕೊಡ್ತವೆ, 5 ಮತ್ತೆ 2.4 ಗಿಗಾಹರ್ಟ್ಸ್. 5ಕ್ಕೆ ಸ್ಪೀಡ್ ಜಾಸ್ತಿ ಆದ್ರೆ ಗೋಡೆ ದಾಟೋದು ಕಷ್ಟ, ಮಹಡೀಲಿ 2.4 ಹಿಡೀರಿ, ಅಕ್ಕಪಕ್ಕ ತುಂಬಾ ರೌಟರ್ ಇದ್ರೆ ರೌಟರ್ ಸೆಟ್ಟಿಂಗ್‌ಲಿ ಚಾನೆಲ್ (2.4ರ ಒಳಗಿನ ದಾರಿಗಳು) 1, 6, 11ರಲ್ಲಿ ಯಾವ್ದು ಖಾಲಿ ಇದ್ಯೋ ಅದಕ್ಕೆ ಹಾಕಿ. ಆರ್‌ಸಿಸಿ ಅಡ್ಡ ಇದ್ದು ಅದೂ ಆಗ್ಲಿಲ್ಲ ಅಂದ್ರೆ ಮೇಲಕ್ಕೊಂದು ಲ್ಯಾನ್ ಕೇಬಲ್ ಎಳ್ಸಿ ಇನ್ನೊಂದು ರೌಟರ್ ಹಾಕ್ಸಿ, ವೈಫೈನ ಹಿಡಿದು ಮತ್ತೆ ಹರಡೋ ರಿಪೀಟರ್‌ಗಿಂತ ಸಾವಿರ ಪಾಲು ವಾಸಿ.

ಪ್ರಶ್ನೆ: ವೈಫೈ ಹೆಸರು ಕಾಣ್ದಂಗೆ ಮುಚ್ಚಿಟ್ರೆ ಸೇಫಾ?

ಉತ್ತರ: ಇಲ್ಲ. ಮುಚ್ಚಿಟ್ರೆ ನಿಮ್ಮ ಫೋನೇ ಹೋದಲ್ಲೆಲ್ಲಾ ಆ ಹೆಸರು ಹಿಡಿದು ಕೂಗ್ತಾ ತಿರುಗತ್ತೆ.