ನರ್ಸಿಂಗ್ ಓದ್ತಿದ್ದೀನಿ, ಮೈಕ್ರೋಬಯಾಲಜಿ ಹೆಸರುಗಳು ತಲೆಗೆ ಹತ್ತಲ್ಲ. ಬೈಹಾರ್ಟ್ ಮಾಡೋಕೆ ನೋಟ್ಸ್ ಒಳ್ಳೇದಾ, ವಿಡಿಯೋ ಒಳ್ಳೇದಾ? ಹೇಗೂ ಇದು ಲ್ಯಾಬ್‌ನವರ ಕೆಲಸ ಅಲ್ವಾ?

ನಾನೂ ಬೈಹಾರ್ಟ್ ದಾರೀಲೇ ಹೋಗಿದ್ದೆ. ಬ್ಯಾಕ್ಟೀರಿಯಾ ಹೆಸರು, ರೋಗ, ಗ್ರಾಂ ಪಾಸಿಟಿವಾ ನೆಗೆಟಿವಾ ಅಂತ ದೊಡ್ಡ ಟೇಬಲ್ ಮಾಡ್ಕೊಂಡು ಉರು ಹೊಡೀತಿದ್ದೆ, ಬೆಳಿಗ್ಗೆ ಎದ್ರೆ ಸ್ಟ್ಯಾಫಿಲೋಕಾಕಸ್ಸು ಸ್ಟ್ರೆಪ್ಟೋಕಾಕಸ್ಸು ಎಲ್ಲ ಕಲಸುಮೇಲೋಗರ. ಥಿಯರಿ ಹೇಗೋ ಆಯ್ತು. ಪ್ರಾಕ್ಟಿಕಲ್‌ನಲ್ಲಿ ಸಿಕ್ಕಿಹಾಕ್ಕೊಂಡೆ.

ಗ್ರಾಂ ಸ್ಟೇನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾನ ಬೇರೆ ಮಾಡೋದು, ನೇರಳೆ ಉಳಿದ್ರೆ ಪಾಸಿಟಿವ್, ಪಿಂಕ್ ಆದ್ರೆ ನೆಗೆಟಿವ್) ಮಾಡಿ, ಕಂಡಿದ್ದು ಬರೀರಿ ಅಂದ್ರು. ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ತೊಳಿ, ಅಯೋಡಿನ್ ಒಂದು ನಿಮಿಷ, ತೊಳಿ, ಆಲ್ಕೋಹಾಲ್, ತೊಳಿ, ಸಫ್ರಾನಿನ್. ಆರ್ಡರ್ ನಿದ್ದೇಲಿ ಕೇಳಿದ್ರೂ ಹೇಳ್ತಿದ್ದೆ. ಆದ್ರೆ ಆಲ್ಕೋಹಾಲ್ ಹಾಕಿ ಮುಂದಿನ ಸ್ಟೆಪ್ ನೆನಪು ಮಾಡ್ಕೊಳ್ತಾ ನಿಂತ್ಬಿಟ್ಟೆ, ಬಣ್ಣ ಇಳಿಯೋದು ನಿಂತ್ಮೇಲೂ ಅದು ಸ್ಲೈಡ್ ಮೇಲೇ ಇತ್ತು. ಆಯಿಲ್ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ಪಿಂಕ್ ಪಿಂಕ್ ದುಂಡಗಿನವು, ದ್ರಾಕ್ಷಿ ಗೊಂಚಲಿನ ಥರ. ಪಿಂಕ್ ಅಂದ್ರೆ ನೆಗೆಟಿವ್ ಅಲ್ವಾ, ಗ್ರಾಂ ನೆಗೆಟಿವ್ ಕಾಕೈ (ದುಂಡಗಿನ ಬ್ಯಾಕ್ಟೀರಿಯಾ) ಅಂತ ಬರೆದೆ. ಎಕ್ಸಾಮಿನರ್ ಮೇಡಂ ಒಂದೇ ಮಾತು ಕೇಳಿದ್ರು, "ಗೊಂಚಲಾಗಿರೋ ಗ್ರಾಂ ನೆಗೆಟಿವ್ ಕಾಕೈ ಯಾವುದಮ್ಮಾ?" ಬಾಯಿ ಬರ್ಲಿಲ್ಲ. ಅದು ಸ್ಟ್ಯಾಫಿಲೋಕಾಕಸ್, ನೇರಳೆ ಇರ್ಬೇಕಿತ್ತು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನ್ನ ಪಾಸು ಹೋಗಿದ್ದು ಇದರಲ್ಲೇ. ಕ್ರಿಸ್ಟಲ್ ವಯೊಲೆಟ್ಟು ಅಯೋಡಿನ್ನು ಸೇರಿ ಸೆಲ್ ಒಳಗೆ ದೊಡ್ಡ ಕಾಂಪ್ಲೆಕ್ಸ್ ಆಗುತ್ತೆ. ಗ್ರಾಂ ಪಾಸಿಟಿವ್‌ಗೆ ಪೆಪ್ಟಿಡೋಗ್ಲೈಕಾನ್ ಗೋಡೆ ದಪ್ಪ, ಆಲ್ಕೋಹಾಲ್ ಬಿದ್ರೆ ಅದು ಒಣಗಿ ಬಿಗಿಯಾಗಿ ಬಣ್ಣನ ಒಳಗೇ ಹಿಡ್ಕೊಳ್ಳುತ್ತೆ. ನೆಗೆಟಿವ್‌ಗೆ ಗೋಡೆ ತೆಳು, ಹೊರಗಿನ ಕೊಬ್ಬಿನ ಪೊರೆ ಆಲ್ಕೋಹಾಲ್‌ಗೆ ಕರಗುತ್ತೆ, ಬಣ್ಣ ಆಚೆ ಬರುತ್ತೆ, ಖಾಲಿಯಾದ್ದಕ್ಕೆ ಸಫ್ರಾನಿನ್ ಪಿಂಕ್ ಬಳಿಯುತ್ತೆ. ಆದ್ರೆ ಆಲ್ಕೋಹಾಲ್ ಜಾಸ್ತಿ ಹೊತ್ತು ಬಿಟ್ರೆ ಪಾಸಿಟಿವ್ ಕೂಡ ಬಣ್ಣ ಬಿಟ್ಟುಕೊಡುತ್ತೆ, ಕಡಿಮೆ ಆದ್ರೆ ನೆಗೆಟಿವ್ ಕೂಡ ನೇರಳೆನೇ. ಬೇರೆ ಸ್ಟೆಪ್‌ಗಳಲ್ಲಿ ಹತ್ತು ಸೆಕೆಂಡ್ ಹೆಚ್ಚುಕಮ್ಮಿ ಆದ್ರೆ ನಡೆಯುತ್ತೆ, ಇಲ್ಲಿ ನಡೆಯಲ್ಲ. ಇಷ್ಟು ಗೊತ್ತಿದ್ರೆ ಗೊಂಚಲು ನೋಡಿದ ತಕ್ಷಣ ನನ್ನ ಸ್ಲೈಡ್ ಮೇಲೇ ನನಗೆ ಅನುಮಾನ ಬರ್ತಿತ್ತು. ಜೊತೆಯವರೆಲ್ಲ ಮುಂದೆ ಹೋದ್ರು, ನಾನು ಮತ್ತೆ ಕಟ್ಟಬೇಕಾಯ್ತು.

ಸಾಧ್ಯ ಆದ್ರೆ ಒಂದೇ ಸ್ಟ್ಯಾಫ್ ಕಲ್ಚರ್‌ನಿಂದ (ಲ್ಯಾಬ್‌ನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ) ಎರಡು ಸ್ಲೈಡ್ ಮೇಲೆ ಸ್ಮಿಯರ್ ಮಾಡಿ, ಒಂದಕ್ಕೆ ಬೇಕಂತಲೇ ಆಲ್ಕೋಹಾಲ್ ಜಾಸ್ತಿ ಬಿಡಿ. ಪಕ್ಕಪಕ್ಕ ಇಟ್ಟು ನೋಡಿದ್ಮೇಲೆ ಯಾವ ನೋಟ್ಸೂ ಬೇಡ.

ಲ್ಯಾಬ್‌ನವರ ಕೆಲಸ ಅಂದ್ರಲ್ಲ, ಅದನ್ನಂತೂ ಒಪ್ಪಲ್ಲ. ಲ್ಯಾಬ್‌ನವರು ಬೆಳೆಸೋದು ನೀವು ಕಳಿಸಿದ್ದನ್ನ. ಬ್ಲಡ್ ಕಲ್ಚರ್ ತೆಗೆಯುವಾಗ ಕ್ಲೋರ್‌ಹೆಕ್ಸಿಡಿನ್ ಒಣಗೋಕೆ ಬಿಡದೆ ಸೂಜಿ ಚುಚ್ಚಿದ್ರೆ ಚರ್ಮದ ಮೇಲಿನ ಸ್ಟ್ಯಾಫ್ ಬಾಟಲಿಗೆ ಹೋಗುತ್ತೆ, ರಿಪೋರ್ಟ್ ಪಾಸಿಟಿವ್ ಬರುತ್ತೆ, ಆ ಪೇಷೆಂಟ್‌ಗೆ ಬೇಡದ ವ್ಯಾಂಕೊಮೈಸಿನ್ ಆಂಟಿಬಯಾಟಿಕ್ ಶುರುವಾಗುತ್ತೆ. ಆಂಟಿಬಯಾಟಿಕ್ ಫಸ್ಟ್ ಡೋಸ್ ಕೊಟ್ಟು ಆಮೇಲೆ ತೆಗೆದ್ರೆ ಇರೋ ಬ್ಯಾಕ್ಟೀರಿಯಾನೂ ಬೆಳೆಯದೇ ಹೋಗಬಹುದು. ಯೂರಿನ್ ಸ್ಯಾಂಪಲ್ ಹೊರಗಿಟ್ರೆ ಒಂದಷ್ಟಿದ್ದ ಬ್ಯಾಕ್ಟೀರಿಯಾ ಅಲ್ಲೇ ಬೆಳೆದು ಕೌಂಟ್ ಸುಳ್ಳಾಗುತ್ತೆ (ಇ ಕೋಲೈ ಅನುಕೂಲ ಇದ್ರೆ ಸುಮಾರು 20 ನಿಮಿಷಕ್ಕೆ ಎರಡಾಗುತ್ತೆ), ಅದಕ್ಕೇ ತಡ ಆಗೋದಾದ್ರೆ ಫ್ರಿಡ್ಜ್. ಆದ್ರೆ ಕಲ್ಚರ್‌ಗೆ ಹೋಗೋ ಸಿಎಸ್‌ಎಫ್‌ನ (ಮೆದುಳು, ಬೆನ್ನುಹುರಿ ಸುತ್ತಲಿನ ದ್ರವ) ಫ್ರಿಡ್ಜ್‌ಗೆ ಇಡ್ಬಾರ್ದು, ಮೆದುಳುಜ್ವರ ತರೋ ಮೆನಿಂಗೊಕಾಕಸ್ ತಣ್ಣಗೆ ಆದ್ರೆ ಸತ್ತೇ ಹೋಗುತ್ತೆ.

ಎರಡನೇ ಸಲ ನಾನು ಓದಿದ್ದೇ ಹೀಗೆ. ಒಂದೊಂದು ಬಗ್‌ಗೂ ಗೋಡೆ ಎಂಥದ್ದು, ಹೇಗೆ ಹರಡುತ್ತೆ, ಯಾವುದಕ್ಕೆ ಸಾಯುತ್ತೆ, ಯಾವ ಸ್ಯಾಂಪಲ್ ಕಳಿಸ್ಬೇಕು, ಅಷ್ಟೇ ಕೇಳ್ಕೊಳ್ತಿದ್ದೆ. ಭೇದಿ ತರೋ ಕ್ಲಾಸ್ಟ್ರಿಡಿಯೋಯ್ಡಿಸ್ ಡಿಫಿಸೀಲ್‌ಗೆ (ಹಳೇ ಹೆಸರು ಕ್ಲಾಸ್ಟ್ರಿಡಿಯಂ ಡಿಫಿಸೀಲ್) ಸ್ಪೋರ್ ಇದೆ, ಅಂದ್ರೆ ಗಟ್ಟಿ ಕವಚದ ರೂಪ, ಸ್ಪೋರ್ ಆಲ್ಕೋಹಾಲ್ ಹ್ಯಾಂಡ್ ರಬ್‌ಗೆ ಬಗ್ಗಲ್ಲ, ಹಾಗಾಗಿ ಆ ಪೇಷೆಂಟ್ ಮುಟ್ಟಿದ್ಮೇಲೆ ಸೋಪು ನೀರು. ಸ್ಪೋರ್ ಕುದಿಯೋ ನೀರಿಗೂ ಪೂರ್ತಿ ಸಾಯಲ್ಲ ಅಂತ ಗೊತ್ತಾದ್ರೆ ಆಟೋಕ್ಲೇವ್‌ನ 121 ಡಿಗ್ರಿ, 15 ಪೌಂಡ್ ಒತ್ತಡ, 15 ನಿಮಿಷ ಯಾಕೆ ಅಂತ ಬೇರೆ ಉರು ಹೊಡಿಯೋದು ಬೇಡ.

ನೋಟ್ಸಾ ವಿಡಿಯೋನಾ ಅಂದ್ರೆ, ಯಾವ್ದಾದ್ರೂ ಸರಿ. ಹೆಸರುಗಳಿಗೆ ಮಾತ್ರ ಒಂದು ಉಪಾಯ ಇದೆ, ಪೋಸ್ಟಿಂಗ್‌ನಲ್ಲಿ ಕಲ್ಚರ್ ರಿಪೋರ್ಟ್ ಬಂದಾಗ ಹಾಗೇ ಫೈಲ್‌ಗೆ ಸೇರಿಸ್ಬೇಡಿ, ಯಾವ ಸ್ಯಾಂಪಲ್, ಏನ್ ಬೆಳೆದಿದೆ, ಯಾವುದಕ್ಕೆ ರೆಸಿಸ್ಟೆಂಟ್ ಅಂತ ಓದಿ ಆ ಬೆಡ್ ಹತ್ರ ಹೋಗಿ ಪೇಷೆಂಟ್‌ನ ನೋಡಿ ಬನ್ನಿ. ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್, ಅಸಿನೆಟೊಬ್ಯಾಕ್ಟರ್, ಇವೆಲ್ಲ ನನ್ನ ತಲೇಲಿ ಕೂತಿದ್ದು ಹಾಗೇ.